ಗುಂಡಿ ತೋಡದೆ ಕಾಲುವಾ: ಹವಾಯಿಯ ಹೊಗೆ ಘಮದ ಹಂದಿ ಮಾಂಸ ಮನೆ ಒಲೆಯಲ್ಲಿ

ಹವಾಯಿಯ ಕಾಲುವಾ ಪೋರ್ಕ್ ಮಾಡ್ತೀನಿ ಬಾ ಅಂತ ಮಡಿಕೇರಿ ಕಡೆಯ ಗೆಳೆಯನೊಬ್ಬನನ್ನು ಊಟಕ್ಕೆ ಕರೆದಿದ್ದೆ. ಸೀದಾ ಅಡುಗೆಮನೆಗೆ ಬಂದವನು ಕಟ್ಟೆಯ ಮೇಲೆ ಇದ್ದದ್ದನ್ನೆಲ್ಲ ಒಮ್ಮೆ ನೋಡಿದ. ಎರಡು ಕೆಜಿ ಹಂದಿ ಮಾಂಸ, ಒಂದು ಬಟ್ಟಲು ಹರಳುಪ್ಪು, ನಾಲ್ಕು ಬಾಳೆ ಎಲೆ. ಅಷ್ಟೇ.

"ಮಸಾಲೆ ಎಲ್ಲೋ?" ಅಂದ. ಇಲ್ಲ ಅಂದೆ. "ಕಾಳುಮೆಣಸು?" ಇಲ್ಲ. "ಕಾಚಂಪುಳಿನೂ ಇಲ್ವಾ?" ಕೊಡಗಿನ ಆ ಕಪ್ಪು ಹುಳಿರಸ, ಅದೂ ಇಲ್ಲ.

"ಹಾಗಾದ್ರೆ ಇದು ಅಡುಗೆ ಅಲ್ಲ ಮಾರಾಯ, ಪಥ್ಯ" ಅಂದುಬಿಟ್ಟ.

ಅವನ ಅನುಮಾನ ತಪ್ಪೇನಲ್ಲ. ನಮ್ಮಲ್ಲಿ ಹಂದಿ ಮಾಂಸ ಅಂದರೆ ಕೊಡಗಿನ ಕಪ್ಪು ಪಂದಿ ಕರಿ, ಇಲ್ಲವೇ ಮಂಗಳೂರು ಕ್ರಿಶ್ಚಿಯನ್ ಮನೆಗಳ ಹುಳಿ-ಖಾರದ ಸಾರು. ಎರಡರಲ್ಲೂ ಮಸಾಲೆಯದ್ದೇ ರಾಜ್ಯಭಾರ. ಕಾಲುವಾದಲ್ಲಿ ಇರೋದು ಮಾಂಸ, ಉಪ್ಪು, ಎಲೆ, ಹೊಗೆ. ಈ ನಾಲ್ಕನ್ನು ಇಟ್ಟುಕೊಂಡು ಬೇಯಿಸಿ, ಎಳೆಎಳೆಯಾಗಿ ಬಿಡಿಸಿಟ್ಟರೆ ಹವಾಯಿಯಲ್ಲಿ ಮದುವೆಯಿಂದ ಹಿಡಿದು ಮಗುವಿನ ಮೊದಲ ಹುಟ್ಟುಹಬ್ಬದವರೆಗೆ ಎಲ್ಲ ಊಟಕ್ಕೂ ಅದೇ ಮುಖ್ಯ. ಪದಾರ್ಥ ಇಷ್ಟು ಕಡಿಮೆ ಇರುವಾಗ ರುಚಿಯೆಲ್ಲ ವಿಧಾನದಿಂದಲೇ ಬರಬೇಕು. ಹಾಗಾಗಿ ಮೊದಲು ಆ ವಿಧಾನ ಏನು ಅಂತ ನೋಡಿ, ಆಮೇಲೆ ನಮ್ಮ ಅಡುಗೆಮನೆಗೆ ಬರೋಣ.

ಗುಂಡಿಯೊಳಗೆ ಏನಾಗುತ್ತದೆ

ಕಾಲುವಾ ಅನ್ನೋದು ಬೇಯಿಸುವ ಬಗೆಯ ಹೆಸರು. ಹವಾಯಿ ಭಾಷೆಯಲ್ಲಿ ‘ಲುವಾ’ ಅಂದರೆ ಗುಂಡಿ. ನೆಲದಲ್ಲಿ ಗುಂಡಿ ತೋಡಿ ಅದರೊಳಗೆ ಬೇಯಿಸಿದ್ದೆಲ್ಲ ಕಾಲುವಾ. ಹಂದಿಯೇ ಆಗಬೇಕೆಂದಿಲ್ಲ, ಕೋಳಿ, ಮೀನು, ಗೆಣಸು, ಕೆಸುವಿನ ಗೆಡ್ಡೆ ಏನು ಬೇಕಾದರೂ ಆಗಬಹುದು. ಆ ಗುಂಡಿ ಒಲೆಗೆ ‘ಇಮು’ ಅಂತ ಹೆಸರು. ನಮ್ಮ ಕಾಲುವೆಗೂ ಈ ಕಾಲುವಾಗೂ ನಂಟಿಲ್ಲ. ಹೆಚ್ಚುಕಡಿಮೆ ಇದೇ ಹೆಸರಿನ ಕಾಫಿ ಮದ್ಯವೊಂದು ಮೆಕ್ಸಿಕೋದಿಂದ ಬರುತ್ತದೆ, ಅದಕ್ಕೂ ಇಲ್ಲ.

ಇಮು ಹೂಡೋದು ಅರ್ಧ ದಿನದ ಕೆಲಸ. ಗುಂಡಿಯ ತಳದಲ್ಲಿ ಸೌದೆ ಒಟ್ಟಿ, ಅದರ ಮೇಲೆ ಕಲ್ಲು ಪೇರಿಸಿ ಬೆಂಕಿ ಹಚ್ಚುತ್ತಾರೆ. ಕಲ್ಲು ಅಂದರೆ ಯಾವುದೋ ಕಲ್ಲಲ್ಲ. ಜ್ವಾಲಾಮುಖಿಯ ಲಾವಾ ಆರಿ ಆದ, ತೂತುತೂತಾದ ಕಲ್ಲು. ಹೊಳೆಯ ಗುಂಡುಕಲ್ಲು ಹಾಕಿದರೆ ಒಳಗೆ ಸಿಕ್ಕಿಕೊಂಡ ನೀರು ಕಾದು ಹಬೆಯಾಗಿ ಕಲ್ಲು ಪಟ್ಟಂತ ಸಿಡಿಯಬಹುದು. ಲಾವಾ ಕಲ್ಲಿನ ತೂತುಗಳಲ್ಲಿ ಹಬೆಗೆ ದಾರಿ ಇರುತ್ತದೆ, ಅದು ಸುಮ್ನೆ ಕಾಯುತ್ತದೆ. ಎರಡು ಮೂರು ಗಂಟೆಯಲ್ಲಿ ಸೌದೆ ಉರಿದು ಕೆಂಡವಾಗುತ್ತದೆ, ಕಲ್ಲುಗಳು ಕೆಂಪಗಾಗುತ್ತವೆ.

ಇಲ್ಲಿಂದ ಮುಂದಿನದ್ದೇ ಜಾಣತನ. ಕಾದ ಕಲ್ಲನ್ನು ಸಮನಾಗಿ ಹರಡಿ, ಅದರ ಮೇಲೆ ಜಜ್ಜಿದ ಬಾಳೆಯ ಕಾಂಡ ಹಾಸುತ್ತಾರೆ. ಬಾಳೆದಿಂಡು ಹೆಚ್ಚಿದವರಿಗೆ ಗೊತ್ತು, ಅದರಲ್ಲಿ ಎಷ್ಟು ನೀರಿರುತ್ತದೆ ಅಂತ. ಆ ನೀರು ಕಲ್ಲಿಗೆ ತಾಗಿದ ಕೂಡಲೇ ಚೊಯ್ ಅಂತ ಹಬೆ ಏಳುತ್ತದೆ. ಮೇಲೆ ಬಾಳೆ ಎಲೆ ಮತ್ತು ‘ಟೀ’ ಎಲೆ. ಚಹಾದ ಟೀ ಅಲ್ಲ. ನಮ್ಮಲ್ಲಿ ಅಂದಕ್ಕೆ ಅಂತ ಕೈತೋಟದಲ್ಲಿ ಬೆಳೆಸುವ, ಕೆಂಪು-ಹಸಿರು ಉದ್ದೆಲೆಯ ಕಾರ್ಡಿಲೈನ್ ಗಿಡ. ಉಪ್ಪು ಸವರಿದ ಇಡೀ ಹಂದಿಯ ಹೊಟ್ಟೆಯೊಳಗೂ ಕಾದ ಕಲ್ಲು ತುಂಬಿ ಎಲೆಯ ಹಾಸಿಗೆಯ ಮೇಲೆ ಮಲಗಿಸುತ್ತಾರೆ. ಹಾಗೆ ಮಾಡಿದರೆ ಒಳಗಿನಿಂದಲೂ ಬೇಯುತ್ತದೆ. ಮೇಲೆ ಮತ್ತೆ ಎಲೆ, ಅದರ ಮೇಲೆ ಒದ್ದೆ ಗೋಣಿಚೀಲ, ಕೊನೆಗೆ ಮಣ್ಣು. ಎಲ್ಲಿಂದಾದರೂ ಹಬೆ ಬಂತು ಅಂದರೆ ಅಲ್ಲಿಗೆ ಇನ್ನೊಂದು ಗುದ್ದಲಿ ಮಣ್ಣು. ಆಮೇಲೆ ಆರೆಂಟು ಗಂಟೆ, ಇಲ್ಲವೇ ರಾತ್ರಿಯಿಡೀ, ಯಾರೂ ಮುಟ್ಟುವ ಹಾಗಿಲ್ಲ.

ಗಮನಿಸಿ, ಮಣ್ಣು ಮುಚ್ಚುವ ಹೊತ್ತಿಗೆ ಉರಿ ಇಲ್ಲ. ಮಾಂಸ ಬೇಯೋದು ಕಲ್ಲು ಬಿಟ್ಟುಕೊಡುವ ಕಾವಿನಿಂದ, ಎಲೆ-ಕಾಂಡದ ಹಬೆಯಿಂದ. ತಳದಲ್ಲಿ ಉಳಿದ ಕೆಂಡ ಗಾಳಿ ಸಿಗದೆ ಕಮರುತ್ತದಲ್ಲ, ಅದರ ಹೊಗೆ ಹಬೆಯ ಜೊತೆ ಸುತ್ತಾಡಿ ಮಾಂಸಕ್ಕೆ ಹತ್ತುತ್ತದೆ. ಬಿಸಿಗೆ ಬಾಡಿದ ಎಲೆಯ, ಒದ್ದೆ ಮಣ್ಣಿನ ವಾಸನೆಯೂ ಸ್ವಲ್ಪ ಸೇರುತ್ತದೆ.

ಹಾಗಾಗಿ ಕಾಲುವಾವನ್ನು ಅಮೆರಿಕದ ಬಾರ್ಬೆಕ್ಯೂ ಪುಲ್ಡ್ ಪೋರ್ಕ್ ಜೊತೆ ಒಂದೇ ಸಾಲಿಗೆ ಕೂರಿಸೋದು ನನಗೆ ಸರಿ ಕಾಣುವುದಿಲ್ಲ. ಅಲ್ಲಿ ಒಣ ಹೊಗೆ, ಹೊರಗೆ ಕಪ್ಪಗೆ ಗಟ್ಟಿ ಪದರ, ಸಕ್ಕರೆ-ಮೆಣಸಿನ ಪುಡಿ, ಆಮೇಲೆ ಸಿಹಿ-ಹುಳಿ ಸಾಸ್. ಇಲ್ಲಿ ಕಪ್ಪು ಪದರವೇ ಇರಬಾರದು. ಕಾಲುವಾ ನಮ್ಮ ಕಡುಬಿಗೆ ಹತ್ತಿರದ ನೆಂಟ: ಎಲೆಯಲ್ಲಿ ಸುತ್ತಿ ಹಬೆಯಲ್ಲಿ ಬೇಯಿಸಿದ್ದು, ಅದಕ್ಕೆ ಹೊಗೆಯ ಒಂದು ಒಗ್ಗರಣೆ. ಮನೆಯಲ್ಲಿ ಮಾಡುವಾಗ ಹೆಚ್ಚಿನವರು ಎಡವೋದು ಇಲ್ಲೇ. ಹೊಗೆ ಎಲ್ಲಿಂದ ತರಲಿ ಅಂತ ತಲೆ ಕೆಡಿಸಿಕೊಳ್ಳುತ್ತಾರೆ, ಹಬೆಯನ್ನು ಹಿಡಿದಿಡೋದು ಮರೆಯುತ್ತಾರೆ.

ಬಳ್ಳಾರಿ ಜಾಲಿಯ ಸೋದರ

ಇಮುವಿಗೆ ಈಗ ಹೆಚ್ಚಾಗಿ ಬಳಸುವ ಸೌದೆ ‘ಕಿಯಾವೆ’. ಹೆಸರು ಹೊಸದು ಅನ್ನಿಸಿದರೂ ಮರ ನಮಗೆ ಅಪರಿಚಿತವಲ್ಲ. ಕಿಯಾವೆ ಅಂದರೆ ಪ್ರೊಸೊಪಿಸ್ ಪಲ್ಲಿಡಾ. ನಮ್ಮ ಬಯಲುಸೀಮೆಯ ಕೆರೆ ಅಂಗಳ, ರೈಲು ಹಳಿಯ ಪಕ್ಕ ಎಲ್ಲೆಲ್ಲೂ ಹಬ್ಬಿರುವ ಬಳ್ಳಾರಿ ಜಾಲಿ ಇದೆಯಲ್ಲ, ಅದು ಪ್ರೊಸೊಪಿಸ್ ಜೂಲಿಫ್ಲೋರಾ. ಎರಡೂ ಒಂದೇ ಕುಟುಂಬದ ಅಣ್ಣತಮ್ಮಂದಿರು. ಎರಡಕ್ಕೂ ಮುಳ್ಳು, ಎರಡೂ ಮಧ್ಯ-ದಕ್ಷಿಣ ಅಮೆರಿಕದ ಕಡೆಯಿಂದ ಬಂದವು, ಎರಡೂ ಬಂದ ಊರಲ್ಲಿ ಹೇಳದೆ ಕೇಳದೆ ಹರಡಿದವು. ಇಬ್ಬರದ್ದೂ ಸೌದೆ ಗಟ್ಟಿ, ಕೆಂಡ ಬಹಳ ಹೊತ್ತು ನಿಲ್ಲುತ್ತದೆ.

ಇನ್ನೊಂದು ತಮಾಷೆ. ಕಿಯಾವೆ ಹವಾಯಿಯ ‘ಸಾಂಪ್ರದಾಯಿಕ’ ಸೌದೆ ಅಂತ ಎಲ್ಲರೂ ಹೇಳುತ್ತಾರೆ. ಆದರೆ ಅಲ್ಲಿ ಮೊದಲ ಕಿಯಾವೆ ಗಿಡ ನೆಟ್ಟದ್ದು 1828ರಲ್ಲಿ, ಹೊನಲುಲುವಿನಲ್ಲಿ, ಅಲೆಕ್ಸಿಸ್ ಬಾಶೆಲೊ ಎಂಬ ಫ್ರೆಂಚ್ ಪಾದ್ರಿ. ಅಷ್ಟು ಹೊತ್ತಿಗೆ, ಪಾಲಿನೇಷ್ಯ ಎಂಬ ಪೆಸಿಫಿಕ್ ದ್ವೀಪಗಳ ಜನ ದೋಣಿಗಳಲ್ಲಿ ಹಂದಿ, ಕೋಳಿ, ಕೆಸು, ಬಾಳೆ ಎಲ್ಲ ಹೇರಿಕೊಂಡು ಬಂದು ಇಮು ಹೂಡತೊಡಗಿ ಎಷ್ಟೋ ನೂರು ವರ್ಷಗಳಾಗಿದ್ದವು. ಸಂಪ್ರದಾಯಕ್ಕೂ ಹೊಸ ಸೌದೆ ಒಗ್ಗುತ್ತದೆ, ಅಲ್ವಾ? ಈ ಧೈರ್ಯದ ಮೇಲೆಯೇ ನಾನು ಬಳ್ಳಾರಿ ಜಾಲಿಯ ಇದ್ದಿಲು ಬಳಸೋದು.

ಹಂದಿಯ ಜೊತೆ ಇನ್ನೊಂದು ಕಥೆಯೂ ಇದೆ, ಅದನ್ನು ಬಿಟ್ಟರೆ ತಪ್ಪಾಗುತ್ತದೆ. ಹಳೆಯ ಹವಾಯಿಯಲ್ಲಿ ‘ಕಪು’ ಎಂಬ ಕಟ್ಟುಪಾಡು ಇತ್ತು. ಹೆಂಗಸರು ಹಂದಿ ಮಾಂಸ ತಿನ್ನುವ ಹಾಗಿರಲಿಲ್ಲ. ತೆಂಗಿನಕಾಯಿ, ಹೆಚ್ಚಿನ ಬಗೆಯ ಬಾಳೆಹಣ್ಣು ಕೂಡ ನಿಷಿದ್ಧ. ಗಂಡಸರು, ಹೆಂಗಸರು ಒಟ್ಟಿಗೆ ಕೂತು ಉಣ್ಣುವಂತಿಲ್ಲ. ಅಡುಗೆ ಮಾಡುತ್ತಿದ್ದದ್ದು ಗಂಡಸರೇ, ಅದೂ ಹೆಂಗಸರದ್ದು ಬೇರೆ ಇಮುವಿನಲ್ಲಿ, ತಮ್ಮದು ಬೇರೆ ಇಮುವಿನಲ್ಲಿ. 1819ರಲ್ಲಿ ರಾಜ ಒಂದನೇ ಕಮೆಹಮೆಹಾ ತೀರಿಕೊಂಡ ಮೇಲೆ ಪಟ್ಟಕ್ಕೆ ಬಂದವನು ಮಗ ಲಿಹೊಲಿಹೊ. ಅವನ ತಾಯಿ ಕಿಯೊಪುವೊಲಾನಿ, ಮಲತಾಯಿ ಕಾಹುಮಾನು ಇಬ್ಬರೂ ಈ ಕಟ್ಟುಪಾಡು ಮುರಿಯಲೇಬೇಕೆಂದು ಕೂತರು. ಅದೇ ವರ್ಷದ ಕೊನೆಗೆ ಔತಣವೊಂದರಲ್ಲಿ ಲಿಹೊಲಿಹೊ ಎಲ್ಲರ ಎದುರು ಹೆಂಗಸರ ಪಂಕ್ತಿಗೆ ಹೋಗಿ ಕೂತು ಉಂಡ. ಕಪು ಅಲ್ಲಿಗೆ ಮುರಿದುಬಿತ್ತು. ಎಲ್ಲರೂ ಒಟ್ಟಿಗೆ ಕೂರುವ ಇಂಥ ಔತಣಕ್ಕೆ ಮುಂದೆ ‘ಲುವಾವ್’ ಅನ್ನುವ ಹೆಸರು ಬಂತು. ಆ ಪದಕ್ಕೆ ಮೂಲದಲ್ಲಿ ಕೆಸುವಿನ ಎಲೆ ಅಂತ ಅರ್ಥ. ನಾವು ಪತ್ರೊಡೆ ಮಾಡುತ್ತೇವಲ್ಲ, ಅದೇ ಕೆಸು.

ಉಪ್ಪು: ದುಡ್ಡಿಗೆ ಸಿಗದ್ದು, ದುಡ್ಡಿಗೆ ಸಿಗುವುದು

ಹವಾಯಿಯವರು ಕಾಲುವಾಗೆ ಹಾಕುವ ಹೆಸರಾಂತ ಉಪ್ಪು ‘ಅಲಾಯೆಯ’. ಕಬ್ಬಿಣದ ಅಂಶ ಇರುವ ಕೆಂಪು ಜೇಡಿ ಬೆರೆಸಿದ ಸಮುದ್ರದುಪ್ಪು, ಇಟ್ಟಿಗೆ ಬಣ್ಣ. ಕವಾಯಿ ದ್ವೀಪದ ಹನಪೇಪೆಯಲ್ಲಿ ಕೆಲವು ಕುಟುಂಬಗಳು ತಲೆಮಾರುಗಳಿಂದ ಮಣ್ಣಿನ ಗದ್ದೆಗಳಲ್ಲಿ ಇದನ್ನು ತೆಗೆಯುತ್ತಾ ಬಂದಿವೆ. ಅಲ್ಲಿನ ಉಪ್ಪನ್ನು ಮಾರುವುದಿಲ್ಲ. ಕೊಡಬಹುದು, ಏನಾದರೂ ಕೊಟ್ಟು ಪಡೆಯಬಹುದು, ದುಡ್ಡಿಗಿಲ್ಲ. ಅಂಗಡಿಯ ಪೊಟ್ಟಣಗಳಲ್ಲಿ ಅಲಾಯೆಯ ಅಂತ ಸಿಗುವುದು ಬೇರೆ ಉಪ್ಪು.

ನಮಗೆ ಹರಳುಪ್ಪು ಸಾಕು. ಗೋಕರ್ಣದ ಹತ್ತಿರ ಸಾಣಿಕಟ್ಟಾದ ಗದ್ದೆ ಉಪ್ಪು ಸಿಕ್ಕಿದರೆ ಇನ್ನೂ ಸಂತೋಷ. ಕೆಂಪು ಬರಲಿ ಅಂತ ಕೆಮ್ಮಣ್ಣು ಕಲಸಲು ಹೋಗಬೇಡಿ, ದಯವಿಟ್ಟು.

ಅಳತೆಗೆ ಚಮಚ ನಂಬಬೇಡಿ, ತೂಕ ನಂಬಿ. ಒಂದೇ ಚಮಚದಲ್ಲಿ ಪುಡಿ ಉಪ್ಪು ಜಾಸ್ತಿ ತೂಗುತ್ತದೆ, ಹರಳು ಕಡಿಮೆ. ಮೂಳೆ ಇಲ್ಲದ ಮಾಂಸಕ್ಕೆ ಕೆಜಿಗೆ 15 ಗ್ರಾಂ ಸರಿಹೋಗುತ್ತದೆ. ಮೂಳೆ ಇದ್ದರೆ 12. ಕಡಿಮೆ ಅನ್ನಿಸಿದರೆ ಕೊನೆಗೆ ಸೇರಿಸಬಹುದು. ಜಾಸ್ತಿ ಆದದ್ದನ್ನು ತೆಗೆಯೋಕಾಗಲ್ಲ.

ಯಾವ ತುಂಡು ಕೇಳಬೇಕು

ನನ್ನ ಮೊದಲ ಕಾಲುವಾ ಕೆಟ್ಟದ್ದು ಅಂಗಡಿಯಲ್ಲೇ. "ಸಾರ್, ನೆಣ ಇಲ್ಲ, ಮೂಳೆ ಇಲ್ಲ, ಒಳ್ಳೇ ಪೀಸು" ಅಂತ ಬೆನ್ನಿನ ಭಾಗದ ನುಣುಪು ತುಂಡು ಕೊಟ್ಟರು. ನಾನೂ ಖುಷಿಯಿಂದ ತಂದೆ. ಐದು ಗಂಟೆ ಬೇಯಿಸಿದ ಮೇಲೆ ಅದು ಎಳೆಯಾಗಿ ಬಿಡಿಸಿಕೊಂಡಿತು ನಿಜ, ಆದರೆ ಬಾಯಿಗಿಟ್ಟರೆ ಹತ್ತಿ. ರಸ ಎಷ್ಟು ಸುರಿದರೂ ಹೀರಿಕೊಂಡು ಮತ್ತೆ ಹತ್ತಿಯೇ.

ಬೇಕಾದದ್ದು ಮುಂಗಾಲಿನ ಮೇಲಿನ ಭುಜದ ಭಾಗ. ಅಂಗಡಿಯಲ್ಲಿ ‘ಶೋಲ್ಡರ್’ ಅಂತ ಕೇಳಿ. ಜೀವನವಿಡೀ ಹಂದಿಯ ಭಾರ ಹೊತ್ತು ನಡೆದಾಡಿದ ಸ್ನಾಯು ಅದು. ಹಾಗಾಗಿ ಅದರ ತುಂಬ ಕೊಲಾಜೆನ್ ಎಂಬ ಬಿಳಿ ನಾರು, ನಡುನಡುವೆ ನೆಣ. ಬೇಗ ಬೇಯಿಸಿದರೆ ಚಪ್ಪಲಿಯಷ್ಟು ಗಟ್ಟಿ. ಆದರೆ 70 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ, ತೇವ ಮತ್ತು ಸಾಕಷ್ಟು ಹೊತ್ತು ಎರಡೂ ಸಿಕ್ಕರೆ, ಆ ಕೊಲಾಜೆನ್ ನಿಧಾನವಾಗಿ ಕರಗಿ ಜೆಲಾಟಿನ್ ಆಗುತ್ತದೆ. ಕಾಲುಸೂಪು ತಣ್ಣಗಾದಾಗ ಗಟ್ಟಿಯಾಗುತ್ತದಲ್ಲ, ಅದೇ ಪದಾರ್ಥ. ಸ್ನಾಯುವಿನ ಎಳೆಗಳು ತಮ್ಮಲ್ಲಿದ್ದ ನೀರನ್ನು ಅಷ್ಟರಲ್ಲಿ ಕಳೆದುಕೊಂಡಿರುತ್ತವೆ. ಆದರೆ ಈ ಅಂಟು ಮತ್ತು ಕರಗಿದ ನೆಣ ಎಳೆಗಳ ಸುತ್ತ ಲೇಪದ ಹಾಗೆ ಕೂರುವುದರಿಂದ ನಾಲಿಗೆಗೆ ರಸವತ್ತಾಗಿ ತಿಳಿಯುತ್ತದೆ. ಬೆನ್ನಿನ ತುಂಡಿನಲ್ಲಿ ಕರಗೋಕೆ ಅಂಟೂ ಇರಲಿಲ್ಲ, ನೆಣವೂ ಇರಲಿಲ್ಲ. ಉಳಿದದ್ದು ಎಳೆ ಮಾತ್ರ.

ಥರ್ಮಾಮೀಟರ್ ಇದ್ದರೆ ಮಾಂಸದ ನಡುವೆ 93 ಡಿಗ್ರಿ ಆಸುಪಾಸು ನೋಡಿ. ಇಲ್ಲದಿದ್ದರೆ ಫೋರ್ಕ್ ಚುಚ್ಚಿ ತಿರುಗಿಸಿ. ತಿರುಗಿಸಿದ ಕಡೆ ಮಾಂಸ ತಾನಾಗಿ ಬಿಡಿಸಿಕೊಂಡರೆ ಆಯಿತು; ತಡೆ ಅನ್ನಿಸಿದರೆ ಇನ್ನೂ ಅರ್ಧ ಗಂಟೆ. ಹಂದಿ ಮಾಂಸದಲ್ಲಿ ಹುಳದ ಭಯ ಇರುವವರಿಗೆ ಒಂದು ಮಾತು. ಈ ಕಾವಿಗೆ, ಇಷ್ಟು ಹೊತ್ತಿಗೆ, ಲಾಡಿಹುಳದ ಮರಿಯೂ ಸೇರಿ ಯಾವುದೂ ಬದುಕಿ ಉಳಿಯುವುದಿಲ್ಲ. ಹಸಿ ಮಾಂಸ ಮುಟ್ಟಿದ ಕೈ, ಚಾಕು, ಹಲಗೆ ತೊಳೆಯುವುದರಲ್ಲಿ ಮಾತ್ರ ಸೋಮಾರಿತನ ಬೇಡ.

ಈಗ ಒಲೆ ಹಚ್ಚೋಣ

ಎರಡು ಕೆಜಿ ಭುಜದ ತುಂಡು, ಒಂದು ಬದಿಗೆ ನೆಣ ಇರುವ ಹಾಗೆ. ಹಿಂದಿನ ರಾತ್ರಿಯೇ ಚಾಕುವಿನ ತುದಿಯಿಂದ ಅಲ್ಲಲ್ಲಿ ಚುಚ್ಚಿ, ಉಪ್ಪು ಸವರಿ, ಮುಚ್ಚಿ ಫ್ರಿಜ್‌ನಲ್ಲಿಡಿ. ಉಪ್ಪು ಒಳಗಿಳಿಯೋಕೆ ಹೊತ್ತು ಬೇಕು. ಬೆಳಿಗ್ಗೆ ಸವರಿ ಬೆಳಿಗ್ಗೆಯೇ ಬೇಯಿಸಿದರೆ ಹೊರಗೆ ಉಪ್ಪುಪ್ಪು, ಒಳಗೆ ಸಪ್ಪೆ.

ಬಾಳೆ ಎಲೆಯ ನಡುದಂಟು ಸೀಳಿ, ಗ್ಯಾಸ್ ಉರಿಯ ಮೇಲೆ ಆಚೆಯಿಂದ ಈಚೆಗೆ ಎಳೆದು ಬಾಡಿಸಿ. ಬಣ್ಣ ಕಡುಹಸಿರಾಗಿ ಮಿರಿಮಿರಿ ಮಿಂಚಿದ ಕ್ಷಣ ಸಾಕು. ಬಾಡಿಸದಿದ್ದರೆ ಮಡಿಸುವಾಗ ಪರ್ರಂತ ಹರಿಯುತ್ತದೆ. ಎರಡು ಎಲೆ ಅಡ್ಡ, ಎರಡು ಉದ್ದ ಹಾಸಿ, ನೆಣದ ಬದಿ ಮೇಲೆ ಬರುವಂತೆ ಮಾಂಸ ಇಟ್ಟು, ಪೊಟ್ಟಣ ಕಟ್ಟಿ ಬಾಳೆನಾರಿನಿಂದ ಬಿಗಿಯಿರಿ. ನೆಣ ಕರಗಿ ಕೆಳಗಿಳಿಯುತ್ತಾ ಇಡೀ ತುಂಡನ್ನು ನೆನೆಸುತ್ತದೆ. ಟೀ ಎಲೆಗೆ ಅಂತ ಪಕ್ಕದ ಮನೆಯ ಕೈತೋಟಕ್ಕೆ ಕೈ ಹಾಕಬೇಡಿ. ಅಂದದ ಗಿಡಗಳಿಗೆ ಏನೇನು ಔಷಧಿ ಹೊಡೆದಿರುತ್ತಾರೋ. ಬಾಳೆ ಎಲೆಯೊಂದೇ ಧಾರಾಳ ಸಾಕು.

ಓವನ್ ಅಥವಾ ಓಟಿಜಿ ಇದ್ದವರು: ಆಳದ ಟ್ರೇಯಲ್ಲಿ ಒಂದೂವರೆ ಲೋಟ ನೀರು ಹಾಕಿ, ಪೊಟ್ಟಣ ಇಟ್ಟು, ಮೇಲೆ ಅಲ್ಯೂಮಿನಿಯಂ ಫಾಯಿಲ್ ಎರಡು ಪದರ ಬಿಗಿಯಾಗಿ ಮುಚ್ಚಿ. ಟ್ರೇಯ ಅಂಚಿನ ಸುತ್ತ ಬೆರಳಿಂದ ಒತ್ತಿ ಒತ್ತಿ ಮುಚ್ಚಿ. ಇಮುವಿನ ಮೇಲೆ ಮಣ್ಣು ಸುರಿಯುವ ಕೆಲಸ ಇಲ್ಲಿ ಈ ಫಾಯಿಲ್‌ನದ್ದು. 160 ಡಿಗ್ರಿಯಲ್ಲಿ ಐದು ಗಂಟೆ. ನಡುವೆ ತೆಗೆದು ನೋಡುವ ಚಪಲ ಬೇಡ. ತೆಗೆದಷ್ಟು ಸಲ ಹಬೆ ಹೋಯಿತು, ಹೊತ್ತು ಹೆಚ್ಚಿತು. ಸಣ್ಣ ಓಟಿಜಿಯಲ್ಲಿ ಮೇಲಿನ ಕಾಯಿಲ್ ತೀರಾ ಹತ್ತಿರ ಇರುತ್ತದೆ, ಕೆಳಗಿನ ಕಾಯಿಲ್ ಮಾತ್ರ ಹಾಕಿ.

ನನ್ನ ಮೆಚ್ಚಿನದು ಇಡ್ಲಿ ಪಾತ್ರೆ. ನಗಬೇಡಿ. ಗುಂಡಿಯಲ್ಲಿ ನಡೆಯೋದು ಹಬೆಯ ಕೆಲಸ ಅಂದ ಮೇಲೆ ನಮ್ಮ ಮನೆಯಲ್ಲಿ ಇಮುವಿಗೆ ಅತಿ ಹತ್ತಿರದ ಪಾತ್ರೆ ಇದೇ ಅಲ್ವಾ? ಎರಡು ಕೆಜಿಯನ್ನು ಎರಡು ಪೊಟ್ಟಣ ಮಾಡಿ. ತಟ್ಟೆಗಳನ್ನು ತೆಗೆದು, ನೀರಿನ ಮೇಲೆ ಸ್ಟ್ಯಾಂಡ್ ಇಟ್ಟು, ಅದರ ಮೇಲೊಂದು ಅಗಲ ಬಟ್ಟಲಲ್ಲಿ ಪೊಟ್ಟಣಗಳನ್ನು ಇಡಿ. ಬಟ್ಟಲು ಬೇಕೇ ಬೇಕು, ಇಲ್ಲದಿದ್ದರೆ ಇಳಿಯುವ ರಸವೆಲ್ಲ ನೀರುಪಾಲು. ಸಣ್ಣ ಉರಿಯಲ್ಲಿ ಐದು ಗಂಟೆ. ಮುಕ್ಕಾಲು ಗಂಟೆಗೊಮ್ಮೆ ನೀರು ನೋಡಿ, ಕಮ್ಮಿಯಾದರೆ ಕುದಿಯುವ ನೀರನ್ನೇ ಹಾಕಿ. ತಣ್ಣೀರು ಹಾಕಿದರೆ ಹಬೆ ನಿಂತುಹೋಗುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಮೇಲಿದೆ, ಇಲ್ಲಿ ನೀರು 97 ಡಿಗ್ರಿ ಹತ್ತಿರವೇ ಕುದಿಯುತ್ತದೆ. ಮಂಗಳೂರಿನವರಿಗಿಂತ ಬೆಂಗಳೂರು, ಮಡಿಕೇರಿಯವರಿಗೆ ಸ್ವಲ್ಪ ಜಾಸ್ತಿ ಹೊತ್ತು ಹಿಡಿದರೆ ಗಾಬರಿ ಬೇಡ.

ಆತುರದವರಿಗೆ ಪ್ರೆಷರ್ ಕುಕ್ಕರ್. ಒಳಗಿನ ಕಾವು 120 ಡಿಗ್ರಿವರೆಗೆ ಏರುವುದರಿಂದ ಕೊಲಾಜೆನ್ ಬೇಗ ಕರಗುತ್ತದೆ. ಮಾಂಸವನ್ನು ನಾಲ್ಕು ತುಂಡು ಮಾಡಿ, ತಳದಲ್ಲಿ ಬಾಳೆ ಎಲೆ ಹಾಸಿ, ಎರಡು ಲೋಟ ನೀರು. ಮೊದಲ ವಿಷಲ್ ಬಂದ ಮೇಲೆ ಉರಿ ಪೂರ್ತಿ ಸಣ್ಣ ಮಾಡಿ ಒಂದು ಗಂಟೆ, ಆಮೇಲೆ ಪ್ರೆಷರ್ ತಾನಾಗಿ ಇಳಿಯಲಿ. ಎಲೆಯನ್ನು ಮಾಂಸದ ಮೇಲೆ ಸಡಿಲವಾಗಿ ಹೊದಿಸಬೇಡಿ, ಅದರ ಚೂರು ಹೋಗಿ ವೆಂಟ್‌ಗೆ ಸಿಕ್ಕಿಕೊಂಡರೆ ಅಪಾಯ. ರುಚಿಯಲ್ಲಿ ಎಲೆಯ ಘಮ ಕಮ್ಮಿ, ರಸ ನೀರುನೀರು. ಆದರೂ ವಾರದ ನಡುವಿನ ರಾತ್ರಿಗೆ ಪರವಾಗಿಲ್ಲ.

ಬೆಂದ ಮೇಲೆ ಪೊಟ್ಟಣವನ್ನು ಅರ್ಧ ಗಂಟೆ ಹಾಗೇ ಬಿಡಿ. ಆಮೇಲೆ ಬಿಚ್ಚಿ. ಎಲೆ ಹಸಿರು ಹೋಗಿ ಕಾಫಿ ಬಣ್ಣಕ್ಕೆ ತಿರುಗಿರುತ್ತದೆ. ಮೂಳೆ ಇದ್ದರೆ ಎರಡು ಬೆರಳಲ್ಲಿ ಹಿಡಿದೆಳೆದರೆ ನಯವಾಗಿ ಜಾರಿ ಬರಬೇಕು, ಮೇಲೆ ಒಂದು ಚೂರೂ ಅಂಟಿರಬಾರದು. ಎರಡು ಫೋರ್ಕ್‌ಗಳಿಂದ ಬಿಡಿಸಿ. ತೀರಾ ನೂಲಿನ ಹಾಗೆ ಮಾಡಬೇಡಿ. ಬೆರಳು ಗಾತ್ರದ ಎಳೆಗಳು ಅಲ್ಲಲ್ಲಿ ಉಳಿಯಲಿ. ತಳದ ರಸದ ಮೇಲೆ ತೇಲುವ ನೆಣದಲ್ಲಿ ಒಂದಿಷ್ಟು ತೆಗೆದಿಟ್ಟು, ಉಳಿದ ರಸವನ್ನು ಸ್ವಲ್ಪ ಸ್ವಲ್ಪವಾಗಿ ಮಾಂಸಕ್ಕೆ ಹಾಕಿ ಕಲಸಿ. ಎರಡು ಕೆಜಿ ಹಸಿ ಮಾಂಸ ಒಂದೂಕಾಲು ಕೆಜಿ ಆಸುಪಾಸಿಗೆ ಇಳಿದಿರುತ್ತದೆ. ಮೋಸ ಹೋದೆ ಅಂದುಕೊಳ್ಳಬೇಡಿ, ಎಲ್ಲರಿಗೂ ಹಾಗೇ ಆಗೋದು.

ಹೊಗೆಯ ಒಗ್ಗರಣೆ

ಹವಾಯಿಯಲ್ಲೂ ಈಗ ಪ್ರತಿ ಮನೆಯಲ್ಲಿ ಗುಂಡಿ ತೋಡುವವರಿಲ್ಲ. ಅಪಾರ್ಟ್‌ಮೆಂಟಿನವರು ಓವನ್‌ನಲ್ಲೋ ಸ್ಲೋ ಕುಕ್ಕರ್‌ನಲ್ಲೋ ಬೇಯಿಸಿ ‘ಲಿಕ್ವಿಡ್ ಸ್ಮೋಕ್’ ಹಾಕುತ್ತಾರೆ. ಹೆಸರು ಕೇಳಿ ರಾಸಾಯನಿಕ ಅಂತ ಮೂಗು ಮುರಿಯಬೇಡಿ. ಕಟ್ಟಿಗೆಯ ಹೊಗೆಯನ್ನು ತಣಿಸಿ, ನೀರಲ್ಲಿ ಹಿಡಿದು, ಡಾಂಬರಿನಂಥ ಅಂಶವನ್ನು ಸೋಸಿ ತೆಗೆದದ್ದು ಅದು. ಅಮೆರಿಕದ ಕಾನ್ಸಾಸ್ ಸಿಟಿಯಲ್ಲಿ ಅರ್ನೆಸ್ಟ್ ರೈಟ್ ಎಂಬ ಔಷಧಿ ಅಂಗಡಿಯವ 1895ರಲ್ಲೇ ಬಾಟಲಿಯಲ್ಲಿ ಮಾರಲು ಶುರು ಮಾಡಿದ. ಕಟ್ಟಿಗೆಯಲ್ಲಿರುವ ಲಿಗ್ನಿನ್ ಸುಟ್ಟಾಗ ಗ್ವಾಯಕಾಲ್, ಸಿರಿಂಗಾಲ್ ಎಂಬ ಎರಡು ಬಗೆಯ ಘಮದ ಪದಾರ್ಥ ಹುಟ್ಟುತ್ತವೆ. ನಾವು ಹೊಗೆ ವಾಸನೆ ಅನ್ನೋದು ಹೆಚ್ಚಾಗಿ ಇವುಗಳದ್ದೇ. ಬಾಟಲಿಯಲ್ಲಿರುವುದೂ ಇವೇ.

ಅಪಾಯ ಇರೋದು ಕೈಯ ಧಾರಾಳದಲ್ಲಿ. ಎರಡು ಕೆಜಿ ಮಾಂಸಕ್ಕೆ ಎರಡು ಟೀ ಚಮಚ, ಅದೂ ಒಂದು ಬೇಯುವ ಮುಂಚೆ, ಇನ್ನೊಂದು ಕೊನೆಗೆ ರಸದಲ್ಲಿ ಕದಡಿ, ರುಚಿ ನೋಡುತ್ತಾ. ನಾನೊಮ್ಮೆ ಘಮ ಬರಲಿ ಅಂತ ನೇರವಾಗಿ ಬಾಟಲಿಯಿಂದ ಸುರಿದೆ. ಊಟಕ್ಕೆ ಕೂತ ಮಗಳು ಒಂದು ತುತ್ತು ತಿಂದು "ಅಪ್ಪಾ, ಇದು ಬಚ್ಚಲ ಒಲೆ ಥರ ಇದೆ" ಅಂದಳು. ಎರಡು ದಿನ ಫ್ರಿಜ್ ತೆಗೆದರೂ ಅದೇ ವಾಸನೆ.

ಬಾಟಲಿ ಸಿಗದವರಿಗೆ, ಅಥವಾ ಬೇಡ ಅನ್ನುವವರಿಗೆ, ಕೆಂಡದ ಹೊಗೆ. ಇದು ನಮ್ಮ ದೇಶದ ಅಡುಗೆಮನೆಗೆ ಹಳೆಯದೇ. ಬಳ್ಳಾರಿ ಜಾಲಿಯ ಇದ್ದಿಲು, ಇಲ್ಲವೇ ತೆಂಗಿನ ಕರಟದ ಒಂದು ದಪ್ಪ ಚೂರು. ಇಕ್ಕಳದಲ್ಲಿ ಹಿಡಿದು ಗ್ಯಾಸ್ ಉರಿಯಲ್ಲಿ ಪೂರ್ತಿ ಕೆಂಪಗಾಗುವವರೆಗೆ ಕಾಯಿಸಿ. ಬಿಡಿಸಿಟ್ಟ ಮಾಂಸದ ನಡುವೆ ಸ್ಟೀಲ್ ಬಟ್ಟಲು ಕೂರಿಸಿ, ಅದರಲ್ಲಿ ಕೆಂಡ ಇಟ್ಟು, ತೆಗೆದಿಟ್ಟ ನೆಣವನ್ನು ಅರ್ಧ ಚಮಚ ಮೇಲೆ ಬಿಡಿ. ಬುಸ್ ಅಂತ ಬಿಳಿ ಹೊಗೆ ಎದ್ದ ಕೂಡಲೇ ಮುಚ್ಚಳ ಮುಚ್ಚಿ. ಆರು ನಿಮಿಷ. ಹತ್ತು ದಾಟಿದರೆ ಕಹಿ ಶುರುವಾಗುತ್ತದೆ. ಇಡೀ ತುಂಡಿಗಿಂತ ಬಿಡಿಸಿದ ಮಾಂಸಕ್ಕೆ ಹೊಗೆ ಬೇಗ ಹತ್ತುತ್ತದೆ, ಯಾಕೆಂದರೆ ಪ್ರತಿ ಎಳೆಯೂ ತೆರೆದಿರುತ್ತದೆ, ಒದ್ದೆಯಾಗಿರುತ್ತದೆ. ಕಿಟಕಿ ತೆರೆದಿರಲಿ. ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿಸಿದರೆ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಗಾಳಿ ತುಂಬಿಕೊಳ್ಳುತ್ತದೆ, ಅದಕ್ಕೆ ವಾಸನೆಯೂ ಇಲ್ಲ.

ಎರಡರಲ್ಲಿ ಯಾವುದು ಒಳ್ಳೆಯದು? ನನ್ನ ಮಟ್ಟಿಗೆ ಕೆಂಡ. ಬಾಟಲಿಯ ಹೊಗೆ ಎಲ್ಲ ತುತ್ತಿನಲ್ಲೂ ಒಂದೇ ಥರ. ಕೆಂಡದ್ದು ಮೇಲಿನ ಎಳೆಗೆ ಗಾಢ, ಕೆಳಗಿನದ್ದಕ್ಕೆ ತೆಳು. ತಿನ್ನುವಾಗ ತುತ್ತಿನಿಂದ ತುತ್ತಿಗೆ ಬದಲಾಗುತ್ತದೆ.

ಜೊತೆಗೇನು

ಲುವಾವ್ ಊಟದಲ್ಲಿ ಇದರ ಜೊತೆಗೆ ‘ಪೊಯ್’ ಇರುತ್ತದೆ. ಬೇಯಿಸಿದ ಕೆಸುವಿನ ಗೆಡ್ಡೆಯನ್ನು ಕುಟ್ಟಿ, ನೀರು ಬೆರೆಸಿ, ಒಂದೆರಡು ದಿನ ಹುಳಿ ಬರಿಸಿದ ನೇರಳೆ-ಬೂದು ಬಣ್ಣದ ಗಂಜಿ. ಉಪ್ಪು ಮಾಂಸದ ಒಂದು ತುತ್ತು, ಸಪ್ಪೆ-ಹುಳಿ ಪೊಯ್ ಒಂದು ತುತ್ತು. ಮುದ್ದೆ ಉಂಡು ಬೆಳೆದವರಿಗೆ ಈ ಜೋಡಿಯ ಲೆಕ್ಕ ವಿವರಿಸಬೇಕಿಲ್ಲ. ಬೀದಿಬದಿಯ ‘ಪ್ಲೇಟ್ ಲಂಚ್’ನಲ್ಲಾದರೆ ಎರಡು ಗುಂಡು ಅನ್ನ, ಮೆಕರೋನಿ ಸಲಾಡ್, ಪಕ್ಕದಲ್ಲಿ ಎಲೆಕೋಸು ಬೆರೆಸಿದ ಕಾಲುವಾ. ಎಲೆಕೋಸನ್ನು ಅದೇ ನೆಣದಲ್ಲಿ ಎರಡು ನಿಮಿಷ ಬಾಡಿಸಿ ಮಾಂಸಕ್ಕೆ ಸೇರಿಸಿದರೆ ಆಯಿತು, ಬೇರೇನೂ ಬೇಡ. ನಮ್ಮ ಮನೆಯಲ್ಲಿ ಸೋನಾ ಮಸೂರಿ ಅನ್ನ, ಇಲ್ಲದಿದ್ದರೆ ಅಕ್ಕಿ ರೊಟ್ಟಿ. ಉಳಿದದ್ದು ಫ್ರಿಜ್‌ನಲ್ಲಿ ಮೂರು ದಿನ ಇರುತ್ತದೆ. ಕಾವಲಿಯ ಮೇಲೆ ಹರಡಿ, ಅಲುಗಾಡಿಸದೆ, ಒಂದು ಬದಿ ಗರಿಗರಿ ಮಾಡಿದರೆ ಮೊದಲ ದಿನಕ್ಕಿಂತಲೂ ಚೆನ್ನ.

ಆ ದಿನ ಗೆಳೆಯ ಮೊದಲ ರೊಟ್ಟಿಗೆ ಏನೂ ಹೇಳಲಿಲ್ಲ. ಎರಡನೆಯದಕ್ಕೆ ತಳದ ರಸ ಕೇಳಿದ. ನಾಲ್ಕನೆಯದರ ಹೊತ್ತಿಗೆ ಪಥ್ಯದ ಮಾತೇ ಇರಲಿಲ್ಲ. ಹೊರಡುವಾಗ ಉಳಿದದ್ದನ್ನು ಬಾಳೆ ಎಲೆಯಲ್ಲಿ ಕಟ್ಟಿಕೊಟ್ಟೆ. ಮಾರನೆಯ ದಿನ ಮಧ್ಯಾಹ್ನ ಮೆಸೇಜ್ ಬಂತು: "ನಾಲ್ಕು ಹನಿ ಕಾಚಂಪುಳಿ ಹಾಕಿದೆ. ಬೈಬೇಡ."